ದುರ್ಬೀನಿನೊಳಗಿನ ಎರಡು ಎಳೆ

ಕಳೆದ ಬೇಸಗೆಯಲ್ಲಿ ಚನ್ನಗಿರಿಯ ನಮ್ಮ ಮನೆಯ ಹಿತ್ತಿಲಿನಲ್ಲಿ ಎರಡು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿದ್ದವು. ಹಿಂದಿನ ಮಳೆಗಾಲದಲ್ಲಿ ಕುಸಿದಿದ್ದ ಕಾಂಪೌಂಡು ಗೋಡೆಯನ್ನು ಮೇಸ್ತ್ರಿಯೊಬ್ಬರು ಮರಳಿ ಕಟ್ಟುತ್ತಿದ್ದುದು ಒಂದು. ರಜೆಗೆಂದು ಬಂದಿದ್ದ ಅಣ್ಣನ ಮಗ ತಾನು ಹೊಸದಾಗಿ ಕೊಂಡ ಏರ್‌ಗನ್ನಿನ ಬೆನ್ನ ಮೇಲೆ ದುರ್ಬೀನನ್ನು ಕೂರಿಸುತ್ತಿದ್ದುದು ಇನ್ನೊಂದು. ಈ ಏರ್‌ಗನ್ನು ಪರವಾನಗಿ ಬೇಡದ ವರ್ಗಕ್ಕೆ ಸೇರಿದ್ದು. ಹಕ್ಕಿಗೂ ಕೋತಿಗೂ ತಿರುಗಿಸದೆ ಕಾಗದದ ಗುರಿಗೆ ಮಾತ್ರ ಹೊಡೆಯುವೆನೆಂದು ಹುಡುಗ ತನ್ನ ಅಜ್ಜಿಗೆ ಮಾತು ಕೊಟ್ಟ ಮೇಲೆಯೇ ಅದು ಹೊಸ್ತಿಲು ದಾಟಿ ಒಳಗೆ ಬಂದದ್ದು.

ಎರಡು ದಿನ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು, ತೋಟದ ಅಂಚಿನಲ್ಲಿ ಮಣ್ಣಿನ ದಿಬ್ಬಕ್ಕೆ ಒರಗಿಸಿದ ರಟ್ಟಿಗೆ ಗುರಿಯಿಟ್ಟು ಹೊಡೆಯುವನು. ದುರ್ಬೀನಿನ ತಿರುಪನ್ನು ಮೇಲಕ್ಕೆ ತಿರುಗಿಸಿ ಮತ್ತೆ ಹೊಡೆಯುವನು. ರಟ್ಟಿನ ಮೇಲಿನ ರಂಧ್ರಗಳು ಮೇಲೇರುವುದೇನೋ ಏರುತ್ತಿದ್ದವು. ಆದರೆ ನೇರವಾಗಿ ಏರದೆ ಒಂದೊಂದಾಗಿ ಬಲಕ್ಕೆ ಸರಿಯುತ್ತ ಏರುತ್ತಿದ್ದವು. ನಾಲ್ಕು ಬೆರಳು ಮೇಲಕ್ಕೆ ಹೋಗುವಷ್ಟರಲ್ಲಿ ಅರ್ಧ ಬೆರಳಿಗೆ ಸ್ವಲ್ಪ ಕಡಿಮೆ ಪಕ್ಕಕ್ಕೆ. ಗಾಳಿಯೆಂದ, ಗುಂಡಿನ ದೋಷವೆಂದ, ಕೊನೆಗೆ ಅಂಗಡಿಯವನು ಮೋಸ ಮಾಡಿದನೆಂದ. ಗಾರೆ ಕಲಸುತ್ತಿದ್ದ ಮೇಸ್ತ್ರಿಗಳು ಕೈ ಒರೆಸಿಕೊಂಡು ಬಂದು ರಟ್ಟನ್ನು ದಿಟ್ಟಿಸಿ ನೋಡಿ, “ಇದು ಗೋಡೆ ವಾಲಿದ ಹಾಗೆ ವಾಲಿದೆ, ಮೇಷ್ಟ್ರೇ. ಒಳಗಿನ ಗೆರೆ ನೆಟ್ಟಗಿದೆಯೋ ಇಲ್ಲವೋ ಹುಡುಗನನ್ನು ಕೇಳಿ” ಎಂದರು.

ಹುಡುಗನನ್ನು ಕೇಳಿದರೆ, “ನೆಟ್ಟಗಿದೆ ಚಿಕ್ಕಪ್ಪ, ಅಡಿಕೆ ಮರಕ್ಕೆ ಹೊಂದಿಸಿಯೇ ಕೂರಿಸಿದ್ದೇನೆ” ಎಂದುಬಿಟ್ಟ!

ಅಡಿಕೆ ಮರದಷ್ಟು ನೆಟ್ಟಗಿರುವುದು ಯಾವುದಿದೆ ಎಂದು ನಮ್ಮ ಸೀಮೆಯವರೆಲ್ಲರ ನಂಬಿಕೆ. ಮೇಸ್ತ್ರಿಗಳು ಮಾತಾಡದೆ ತಮ್ಮ ತೂಕದ ಗುಂಡನ್ನು ತಂದು, ಹುಡುಗ ಆರಿಸಿಕೊಂಡಿದ್ದ ಮರದ ಪಕ್ಕದಲ್ಲಿ ಕೋಲೊಂದಕ್ಕೆ ಕಟ್ಟಿ ಇಳಿಬಿಟ್ಟರು. ದಾರ ನಿಂತಿತು, ಮರ ಅದರಿಂದ ಓರೆಯಾಗಿ ಹೊರಟು ಹೋಯಿತು. ಬಿಸಿಲಿನ ಕಡೆಗೆ ಬೆಳೆಯುವ ಮರಕ್ಕೆ ಭೂಮಿಯ ಸೆಳೆತದೊಂದಿಗೆ ಅಂಥ ಕಟ್ಟುನಿಟ್ಟಿನ ಒಪ್ಪಂದವೇನೂ ಇಲ್ಲ.

ಈ ಸಣ್ಣ ಪ್ರಸಂಗದಿಂದ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿತು. ಬಂದೂಕಿನ ಮೋಹವೇನೂ ನನಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಗಾಜಿನ ಕೊಳವೆಯೊಂದರೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು ಎಳೆಗಳು, ಕೂದಲಿಗಿಂತ ತೆಳ್ಳಗಿನವು, ಒಂದಿಷ್ಟು ಓರೆಯಾದರೆ ಏನೇನಾಗುತ್ತದೆ ಎಂಬುದನ್ನು ಹಿಂಬಾಲಿಸಿಕೊಂಡು ಹೋದರೆ ಅದು ನಮ್ಮನ್ನು ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ.

ಈ ಎಳೆಗಳ ಕೂಟಕ್ಕೆ ಇಂಗ್ಲಿಷರು ರೆಟಿಕಲ್ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಪುಟ್ಟ ಬಲೆ ಎಂದರ್ಥ. ಹೆಸರು ಹುಡುಗಾಟಕ್ಕೆ ಬಂದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬ ತರುಣ ಖಗೋಳಾಸಕ್ತನ ದೂರದರ್ಶಕದೊಳಗೆ ಜೇಡವೊಂದು ಎಳೆ ಬಿಟ್ಟಿತ್ತೆಂದೂ, ಕಣ್ಣಿಟ್ಟು ನೋಡಿದಾಗ ಆ ಎಳೆಯೂ ದೂರದ ವಸ್ತುವೂ ಒಟ್ಟಿಗೆ ಸ್ಫುಟವಾಗಿ ಕಂಡವೆಂದೂ ಕಥೆಯಿದೆ. ಕಥೆ ಹೇಗೇ ಇರಲಿ, ಜೇಡದ ಎಳೆ ಮುಂದೆ ಬಹುಕಾಲ ಸರ್ವೇ ಯಂತ್ರಗಳಲ್ಲಿ ನಿಜವಾಗಿಯೇ ಕೆಲಸ ಮಾಡಿತು. ಅಷ್ಟು ತೆಳ್ಳಗೆ, ಅಷ್ಟು ಒಂದೇ ಸಮನಾಗಿ, ಅಷ್ಟು ಗಟ್ಟಿಯಾಗಿ ಮನುಷ್ಯ ನೂಲಲಾರದ ಕಾಲ ಅದು. ಕಾಡಿನಲ್ಲಿ ಎಳೆ ಕಡಿದುಹೋದರೆ ಸರ್ವೇಯವನು ಜೇಡವನ್ನು ಹುಡುಕಿ, ಅದರ ಎಳೆಯನ್ನು ಕವಲುಕಡ್ಡಿಗೆ ಸುತ್ತಿ, ಉಂಗುರದ ಗೀರುಗಳ ಮೇಲೆ ಹೊಂದಿಸಿ, ಎರಡು ಹನಿ ವಾರ್ನಿಷ್ ಹಚ್ಚಿ ಅಂಟಿಸುತ್ತಿದ್ದನು. ಮಳೆಗಾಲದ ತೇವಕ್ಕೆ ಅದು ಜೋಲುತ್ತಿತ್ತು ಎಂಬುದೊಂದೇ ಅದರ ಮೇಲಿನ ದೂರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಇದೇ ಕೆಲಸಕ್ಕೆಂದು ಜೇಡಗಳನ್ನು ಸಾಕುತ್ತಿದ್ದರು. ಇಂದಿನ ದುರ್ಬೀನುಗಳಲ್ಲಿ ಲೋಹದ ತಂತಿಯೋ ಗಾಜಿನ ಮೇಲೆ ಕೊರೆದ ಗೆರೆಯೋ ಇರುತ್ತದೆ; ಜೇಡಕ್ಕೆ ನಿವೃತ್ತಿಯಾಗಿದೆ.

ಈ ಎಳೆಗಳನ್ನು ನಮ್ಮ ನಾಡಿಗೆ ಮೊದಲು ದೊಡ್ಡ ಪ್ರಮಾಣದಲ್ಲಿ ತಂದವರು ಬೇಟೆಗಾರರಲ್ಲ, ಭೂಮಿ ಅಳೆಯುವವರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಕೃಷ್ಣರಾಜಪುರ ಮತ್ತು ಅಗರಗಳ ನಡುವೆ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯೊಂದನ್ನು ಸರಪಳಿ ಹಿಡಿದು ಅಳೆದನು. ಅವನಿಗಾಗಿ ಲಂಡನ್ನಿನಿಂದ ಹೊರಟ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ದಾರಿಯಲ್ಲಿ ಫ್ರೆಂಚರ ಹಡಗು ಹಿಡಿದು ಮಾರಿಷಸ್ಸಿಗೆ ಒಯ್ದಿತು; ಅದು ಯುದ್ಧದ ಸಾಧನವಲ್ಲವೆಂದು ತಿಳಿದ ಮೇಲೆ ಅಲ್ಲಿನ ಗವರ್ನರನು ಗೌರವಪೂರ್ವಕವಾಗಿ ಮದರಾಸಿಗೆ ಕಳುಹಿಸಿಕೊಟ್ಟನು. 1808ರಲ್ಲಿ ತಂಜಾವೂರಿನ ದೇಗುಲದ ಗೋಪುರಕ್ಕೆ ಏರಿಸುವಾಗ ಹಗ್ಗ ಕಡಿದು ಗೋಡೆಗೆ ಅಪ್ಪಳಿಸಿ ಅದರ ದೊಡ್ಡ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ವಾರಗಟ್ಟಲೆ ತಟ್ಟಿ ತಟ್ಟಿ ಅದನ್ನು ಸರಿಪಡಿಸಿದನಂತೆ.

ತೂಕದ ಗುಂಡಿನ ವಿಷಯ ಬಂದಿರುವುದರಿಂದ ಇನ್ನೊಂದು ಮಾತು. ಲ್ಯಾಂಬ್ಟನ್ನನ ನಂತರ ಬಂದ ಜಾರ್ಜ್ ಎವರೆಸ್ಟನು ಮಧ್ಯಭಾರತದ ಕಲ್ಯಾಣಪುರಕ್ಕೂ ಉತ್ತರದ ಕಲಿಯಾನಕ್ಕೂ ನಡುವಣ ಅಂತರವನ್ನು ಎರಡು ರೀತಿ ಲೆಕ್ಕ ಹಾಕಿಸಿದಾಗ, ನೆಲದ ಮೇಲಿನ ಅಳತೆಗೂ ನಕ್ಷತ್ರಗಳ ಅಳತೆಗೂ ಐದು ಸೆಕೆಂಡಿನಷ್ಟು ಕೋನದ ವ್ಯತ್ಯಾಸ ಬಂದಿತು. ಉತ್ತರದಲ್ಲಿ ಹಿಮಾಲಯದ ರಾಶಿ ತೂಕದ ಗುಂಡನ್ನು ತನ್ನತ್ತ ಸೆಳೆದುಕೊಳ್ಳುತ್ತದೆ ಎಂದು ಜಾನ್ ಪ್ರ್ಯಾಟ್ ಎಂಬ ಪಾದ್ರಿ ವಾದಿಸಿದನು. ಆದರೆ ಆ ಪರ್ವತರಾಶಿಗೆ ತಕ್ಕಷ್ಟು ಸೆಳೆಯುತ್ತಿಲ್ಲವಲ್ಲ ಎಂಬ ತೊಡಕಿನಿಂದ, ಬೆಟ್ಟಗಳಿಗೂ ನೆಲದೊಳಗೆ ಬೇರುಗಳಿವೆ ಎಂಬ ಸಿದ್ಧಾಂತ 1855ರಲ್ಲಿ ತಲೆಯೆತ್ತಿತು. ತೂಕದ ಗುಂಡೇ ಒಮ್ಮೊಮ್ಮೆ ಲಂಬ ತಪ್ಪುತ್ತದೆ ಎಂದು ನಾನು ಮೇಸ್ತ್ರಿಗಳಿಗೆ ಹೇಳಿದಾಗ ಅವರು ನನ್ನ ಮುಖವನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ. ಒಂದು ಡಿಗ್ರಿಯಲ್ಲಿ 3600 ಸೆಕೆಂಡುಗಳಿವೆ. ಚನ್ನಗಿರಿಯ ಗೋಡೆಗೂ ಹುಡುಗನ ದುರ್ಬೀನಿಗೂ ಹಿಮಾಲಯದಿಂದ ಯಾವ ಬಾಧೆಯೂ ಇಲ್ಲ.

ಇನ್ನು ದುರ್ಬೀನನ್ನು ಕೂರಿಸುವ ಕ್ರಮ. ಬಂದೂಕಿನ ಬೆನ್ನಿನ ಮೇಲೆ ಎರಡು ಬಳೆಗಳಿರುತ್ತವೆ; ಪ್ರತಿ ಬಳೆಯೂ ಎರಡು ಅರ್ಧಗಳಾಗಿ ಬಿಡಿಸಿಕೊಳ್ಳುತ್ತದೆ. ಕೆಳಗಿನ ಅರ್ಧಗಳನ್ನು ಬಿಗಿದು, ಅವುಗಳ ತೊಟ್ಟಿಲಲ್ಲಿ ದುರ್ಬೀನನ್ನು ಮಲಗಿಸಿ, ಮೇಲಿನ ಅರ್ಧಗಳನ್ನು ಸಡಿಲವಾಗಿ ಹಾಕಬೇಕು. ಮೊದಲು ಕಣ್ಣಿನ ಅಂತರ. ಸಹಜವಾಗಿ ಕೆನ್ನೆಯೊರಗಿಸಿದಾಗ ನೋಟ ಪೂರ್ಣ ವೃತ್ತವಾಗಿ ಕಾಣುವಂತೆ ಕೊಳವೆಯನ್ನು ಹಿಂದುಮುಂದು ಸರಿಸಬೇಕು. ಸಾಮಾನ್ಯವಾಗಿ ಕಣ್ಣಿಗೂ ಗಾಜಿಗೂ ಎಂಟು-ಒಂಬತ್ತು ಸೆಂಟಿಮೀಟರು. ಇದನ್ನು ಮರೆತು ಗೆರೆ ಹೊಂದಿಸಲು ಹೊರಟವನು ಅದೇ ಕೆಲಸವನ್ನು ಎರಡು ಸಲ ಮಾಡುತ್ತಾನೆ. ಭಾರಿ ಬಂದೂಕಾದರೆ ಹಿಮ್ಮೆಟ್ಟಿದ ಗಾಜು ಹುಬ್ಬನ್ನು ಸೀಳುತ್ತದೆ.

ಅನಂತರ ಬಂದೂಕನ್ನು ಅಲುಗದಂತೆ ಹಿಡಿಸಿ, ಅದರ ಮೈಯ ಚಪ್ಪಟೆಯಾದ ಭಾಗದ ಮೇಲೆ ರಸಮಟ್ಟವನ್ನಿಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಹೊಂದಿಸಬೇಕು. ನಮ್ಮ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯನ್ನು ನೋಡಿದವರಿಗೆ ಮಟ್ಟವೆಂದರೇನೆಂದು ಹೇಳಬೇಕಾಗಿಲ್ಲ. ಅಲ್ಲಿ ನೀರೇ ರಸಮಟ್ಟ. ಮೆಟ್ಟಿಲಿನ ಅಂಚು ಎಲ್ಲಿಯಾದರೂ ತಗ್ಗಿದ್ದರೆ ನೀರು ಕೂಡಲೇ ಚಾಡಿ ಹೇಳುತ್ತದೆ. ಬಂದೂಕು ಮಟ್ಟವಾಯಿತೆ? ಈಗ ಇಪ್ಪತ್ತು ಇಪ್ಪತ್ತೈದು ಮೀಟರು ದೂರದಲ್ಲಿ ಬಿಳಿಯ ದಾರಕ್ಕೆ ತೂಕದ ಗುಂಡನ್ನು ಕಟ್ಟಿ ಇಳಿಬಿಡಬೇಕು. ಗಾಳಿಗೆ ತೂಗಾಡದಿರಲೆಂದು ಗುಂಡನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸುವ ಉಪಾಯವನ್ನು ಮೇಸ್ತ್ರಿಗಳೇ ತೋರಿಸಿಕೊಟ್ಟರು. ಗಾಜಿನಲ್ಲಿ ನೋಡುತ್ತ, ಒಳಗಿನ ಲಂಬದ ಗೆರೆ ಹೊರಗಿನ ದಾರದ ಮೇಲೆ ತಲೆಯಿಂದ ಕಾಲಿನವರೆಗೆ ಒಂದಾಗಿ ಕೂರುವ ತನಕ ಕೊಳವೆಯನ್ನು ಮೆಲ್ಲನೆ ಹೊರಳಿಸಬೇಕು.

ಕೆಲಸ ಮುಗಿಯಿತೆನ್ನುವ ಹೊತ್ತಿಗೇ ಅದು ಕೆಡುವುದು. ತಿರುಪನ್ನು ಬಿಗಿಯುವಾಗ ಬಳೆ ಕೊಳವೆಯನ್ನು ತನ್ನೊಂದಿಗೆ ಎಳೆದುಕೊಂಡು ತುಸು ತಿರುಗಿಸಿಬಿಡುತ್ತದೆ. ಆದ್ದರಿಂದ ಒಂದು ಬದಿಯದನ್ನು ಕಾಲು ಸುತ್ತು, ಎದುರು ಬದಿಯದನ್ನು ಕಾಲು ಸುತ್ತು, ಹಿಂದಿನ ಬಳೆಯದನ್ನು ಕಾಲು ಸುತ್ತು ಎಂದು ಸರದಿಯಲ್ಲಿ ಬಿಗಿಯುತ್ತ, ನಡುನಡುವೆ ದಾರವನ್ನು ನೋಡುತ್ತಿರಬೇಕು. ಎರಡು ಬೆರಳಿನ ಬಲ ಸಾಕು. ಕಾರಿನ ಚಕ್ರಕ್ಕೆ ನಟ್ಟು ಬಿಗಿಯುವ ಹುರುಪು ತೋರಿಸಿದರೆ ಕೊಳವೆಯೇ ನಜ್ಜಾಗುತ್ತದೆ. ಕೆಲವರು ದುರ್ಬೀನಿನ ಮೇಲಿನ ತಿರುಪಿನ ಮುಚ್ಚಳದ ಮೇಲೆ ರಸಮಟ್ಟವನ್ನಿಟ್ಟು ತೃಪ್ತಿಪಡುತ್ತಾರೆ. ಆ ಮುಚ್ಚಳಕ್ಕೂ ಒಳಗಿನ ಗೆರೆಗೂ ನಿಖರವಾದ ಸಂಬಂಧವಿದ್ದೇ ತೀರಬೇಕೆಂದೇನೂ ಇಲ್ಲ. ನಮಗೆ ಬೇಕಾದ್ದು ಗೆರೆ. ಗೆರೆಯನ್ನೇ ನೋಡುವುದು ಮೇಲು.

ಕಣ್ಣಳತೆ ಸಾಲದೆ ಎಂದು ಹುಡುಗ ಕೇಳಿದ. ಬಯಲಿನಲ್ಲಿ ಒಂದು ಡಿಗ್ರಿಯ ಓರೆಯನ್ನು ಕಣ್ಣು ಹಿಡಿಯಬಲ್ಲದು. ಆದರೆ ಕಣ್ಣಿಗೆ ತನ್ನದೇ ಆದ ಲಂಬವಿಲ್ಲ. ಸುತ್ತ ಕಂಡದ್ದರಿಂದ ಸಾಲ ತರುತ್ತದೆ. ಎದುರಿಗೆ ಗುಡ್ಡದ ಇಳಿಜಾರಿದ್ದರೆ ಆ ಇಳಿಜಾರನ್ನೇ ನೆಲವೆಂದು ಭಾವಿಸಿ ಕೈ ತನಗರಿಯದೆ ಬಂದೂಕನ್ನು ಓರೆ ಮಾಡುತ್ತದೆ. ಸೂಳೆಕೆರೆಯ ಏರಿಯ ಮೇಲೆ, ಒಂದು ಕಡೆ ಗುಡ್ಡ, ಒಂದು ಕಡೆ ನೀರು, ಕೆಳಗೆ ಗದ್ದೆಬಯಲು ಇರುವಲ್ಲಿ ನಿಂತು ಕ್ಯಾಮೆರಾ ಹಿಡಿದವರು ಮನೆಗೆ ಬಂದು ಚಿತ್ರ ನೋಡಿದಾಗ, ಕೆರೆಯ ನೀರೆಲ್ಲ ಒಂದು ಮೂಲೆಗೆ ಹರಿದುಹೋಗುವಂತೆ ಕಾಣುವುದು ಇದರಿಂದಲೇ.

ಇದೆಲ್ಲ ಏತಕ್ಕೆ ಮುಖ್ಯ? ಗುಂಡು ನಳಿಗೆಯನ್ನು ಬಿಟ್ಟ ಕ್ಷಣದಿಂದ ಬೀಳತೊಡಗುತ್ತದೆ. ಕೈಯಿಂದ ಜಾರಿದ ಅಡಿಕೆ ಎಷ್ಟು ವೇಗದಲ್ಲಿ ಬೀಳುವುದೋ ಅಷ್ಟೇ ವೇಗದಲ್ಲಿ. ಆ ಪತನವನ್ನು ಸರಿದೂಗಿಸಲೆಂದು ನಳಿಗೆಯನ್ನು ನೋಟದ ರೇಖೆಗಿಂತ ತುಸು ಮೇಲ್ಮುಖವಾಗಿ ಇಟ್ಟಿರುತ್ತಾರೆ. ಬೀಳುವುದು ನೇರ ಕೆಳಕ್ಕೆ. ಎತ್ತಿರುವುದು ನೇರ ಮೇಲಕ್ಕೆ. ಇವೆರಡೂ ಒಂದೇ ಗೆರೆಯಲ್ಲಿದ್ದರೆ ಒಂದನ್ನೊಂದು ಕಳೆಯುತ್ತವೆ. ಬಂದೂಕು ಬಲಕ್ಕೆ ವಾಲಿದರೆ ಎತ್ತಿದ್ದೂ ಬಲಕ್ಕೆ ವಾಲುತ್ತದೆ; ಬೀಳುವುದು ಮಾತ್ರ ನೇರ ಕೆಳಕ್ಕೇ ಬೀಳುತ್ತದೆ. ಲೆಕ್ಕ ಕೂಡುವುದಿಲ್ಲ. ಗುಂಡು ಬಲಕ್ಕೂ ತುಸು ಕೆಳಕ್ಕೂ ಹೋಗಿ ಬೀಳುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು, ಈ ಹವ್ಯಾಸದವರಲ್ಲಿಯೇ ಹಲವರು ಎಡವುವುದು ಇಲ್ಲಿ. ಬಂದೂಕಿಗೂ ಗೆರೆಗೂ ಇರುವ ಓರೆ ಒಂದು, ಗೆರೆಗೂ ಭೂಮಿಯ ಸೆಳೆತಕ್ಕೂ ಇರುವ ಓರೆ ಇನ್ನೊಂದು. ಗೆರೆ ಭೂಮಿಗೆ ಲಂಬವಾಗಿದ್ದು ಬಂದೂಕು ಮಾತ್ರ ಅದರ ಕೆಳಗೆ ತುಸು ಹೊರಳಿದ್ದರೆ ಆಗುವ ನಷ್ಟ ಅತ್ಯಲ್ಪ. ದುರ್ಬೀನಿನ ನಡು ನಳಿಗೆಯಿಂದ ನಾಲ್ಕೈದು ಸೆಂಟಿಮೀಟರು ಮೇಲಿರುವುದರಿಂದ ಐದು ಡಿಗ್ರಿಯ ಹೊರಳಿಗೆ ಪಕ್ಕದ ಅಂತರ ಅರ್ಧ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಭೂಮಿಗೆ ಗೆರೆಯೇ ಓರೆಯಾದರೆ ಮಾತ್ರ ದೂರ ಹೆಚ್ಚಿದಂತೆ ತಪ್ಪು ಬೆಳೆಯುತ್ತ ಹೋಗುತ್ತದೆ. ಹಾಗಿದ್ದರೆ ಬಂದೂಕನ್ನೂ ಗೆರೆಯನ್ನೂ ಹೊಂದಿಸುವ ಶ್ರಮ ಏತಕ್ಕೆ? ಕೈಗೆ ಬಂದೂಕಿನ ಮಟ್ಟ ಗೊತ್ತು, ಕಣ್ಣಿಗೆ ಗೆರೆಯ ಮಟ್ಟ ಗೊತ್ತು. ಇಬ್ಬರೂ ಬೇರೆ ಬೇರೆ ಸಾಕ್ಷಿ ಹೇಳಿದರೆ ಆತುರದ ಗಳಿಗೆಯಲ್ಲಿ ಕೈಯೇ ಗೆಲ್ಲುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ. ಅವನ ಕೈ ಬಂದೂಕನ್ನು ಸರಿಯಾಗಿಯೇ ಹಿಡಿಯುತ್ತಿತ್ತು; ಗೆರೆ ಅಡಿಕೆ ಮರದ ಪಕ್ಷ ವಹಿಸಿತ್ತು.

ನಮ್ಮ ಹಳೆಯ ಕೋವಿಗಳಿಗೆ ಈ ಗೊಂದಲ ಇರಲಿಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಗೋಡೆಗೆ ತೂಗುಹಾಕಿದ ಕೇಪಿನ ಕೋವಿ, ಒಂಟಿನಳಿಗೆಯ ತೋಟಾಕೋವಿ ಮುಂತಾದವು ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ಎಷ್ಟೋ ಮನೆಗಳಲ್ಲಿ ಉಂಟು. ಚುನಾವಣೆ ಬಂತೆಂದರೆ ಅವನ್ನು ಠಾಣೆಗೆ ಒಪ್ಪಿಸಿ ಬರಬೇಕು. ಆ ತಿಂಗಳಲ್ಲಿಯೇ ಹಂದಿಗಳು ತೋಟಕ್ಕೆ ನುಗ್ಗುತ್ತವೆ ಎಂಬುದು ರೈತರ ಹಳೆಯ ದೂರು. ಆ ಕೋವಿಗಳ ತುದಿಯಲ್ಲಿ ಒಂದು ಸಣ್ಣ ಮಣಿ ಇರುತ್ತದೆ, ಅಷ್ಟೇ. ಬಹುಪಾಲು ಅವು ಗದ್ದಲಕ್ಕೆಂದೇ ಇರುವಂಥವು. ಹೊಸದುರ್ಗ, ಹೊಳಲ್ಕೆರೆಗಳ ನರಭಕ್ಷಕನ ಬಗ್ಗೆ ಬರೆದ ಕೆನೆತ್ ಆಂಡರ್ಸನ್, ಅಂದರೆ ತೇಜಸ್ವಿಯವರ ಕನ್ನಡದ ಮೂಲಕ ನಮ್ಮ ಎಷ್ಟೋ ಮನೆಗಳಿಗೆ ಪರಿಚಿತನಾದ ಆ ಬೆಂಗಳೂರಿನ ಬೇಟೆಗಾರ, ತನ್ನ .405 ವಿಂಚೆಸ್ಟರನ್ನು ಗಾಜಿಲ್ಲದೆ ಬರಿಗಣ್ಣಿನಿಂದಲೇ ಗುರಿಯಿಡುತ್ತಿದ್ದನು. ಮೂವತ್ತು ಹೆಜ್ಜೆಯೊಳಗೆ, ವೇಗದ ಗುಂಡಿಗೆ, ಐದು ಡಿಗ್ರಿಯ ಓರೆ ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕಕ್ಕೆ ಬರುವುದು ಗುಂಡು ನಿಧಾನವಾದಾಗ. ನಾನು ಈ ಲೇಖನ ಬರೆಯಲು ಕುಳಿತದ್ದು ಅದಕ್ಕಾಗಿ.

2023ರ ಏಪ್ರಿಲ್ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನ ಸೋಮಲಾಪುರದಲ್ಲಿ ಕಾಡಾನೆಯೊಂದು ಎಳೆಯ ಹುಡುಗಿಯೊಬ್ಬಳನ್ನು ಕೊಂದಿತು. ಭದ್ರಾ ಅರಣ್ಯದ ಕಡೆಯಿಂದ ಉಬ್ರಾಣಿಯ ಕಾಡುಗಳ ಮೂಲಕ ಆನೆಗಳು ಈ ಸೀಮೆಗೆ ಬರುವುದುಂಟು. ಆದರೆ ನಮ್ಮ ಬಯಲಿನ ಊರುಗಳಿಗೆ ಆನೆ ದೇವಸ್ಥಾನದ ಉತ್ಸವದಲ್ಲಿ ನೋಡುವ ಪ್ರಾಣಿಯೇ ಹೊರತು ಹೊಲದಲ್ಲಿ ಎದುರಾಗುವ ಪ್ರಾಣಿಯಲ್ಲ. ಅದನ್ನು ಹಿಡಿಯಲು ಅರಣ್ಯ ಇಲಾಖೆಯವರು ಸಕ್ರೆಬೈಲಿನ ಆನೆಗಳೊಂದಿಗೆ ಬಂದರು. ಜೀನಹಳ್ಳಿಯ ಬಳಿ ನಡೆದ ಆ ಕಾರ್ಯಾಚರಣೆಯಲ್ಲಿ ಅರಿವಳಿಕೆ ಮದ್ದು ಹಾರಿಸಲು ಹೋದ ಶಿವಮೊಗ್ಗದ ವನ್ಯಜೀವಿ ವೈದ್ಯರ ಮೇಲೆ ಆನೆ ಎರಗಿ ಅವರು ತೀವ್ರವಾಗಿ ಗಾಯಗೊಂಡರು. ಹೊನ್ನಾಳಿ, ನ್ಯಾಮತಿಗಳ ಹಳ್ಳಿಗಳಲ್ಲಿ ಆ ವಾರವೆಲ್ಲ ಬೇರೆ ಮಾತೇ ಇರಲಿಲ್ಲ.

ಅಲ್ಲಿ ಗುರಿ ತಪ್ಪಿತೆಂದೋ ದುರ್ಬೀನು ಓರೆಯಾಗಿತ್ತೆಂದೋ ನಾನು ಹೇಳುತ್ತಿಲ್ಲ. ಓದುಗರು ದಯವಿಟ್ಟು ಹಾಗೆ ಭಾವಿಸಬಾರದು. ನಾನು ಹೇಳಹೊರಟಿರುವುದು ಆ ಕೆಲಸದ ಸ್ವರೂಪ. ಅರಿವಳಿಕೆಯ ಬಂದೂಕು ಸೀಸದ ಗುಂಡನ್ನು ಹಾರಿಸುವುದಿಲ್ಲ. ಹಿಂದೆ ಕುಚ್ಚು, ಮುಂದೆ ಸೂಜಿ, ನಡುವೆ ಔಷಧ ತುಂಬಿದ ಕೊಳವೆಯನ್ನು ಅನಿಲದ ಒತ್ತಡದಿಂದ ಹಾರಿಸುತ್ತದೆ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಕಾಲಿನ್ ಮರ್ಡಾಕ್ ಮುಂತಾದವರ ಕೈಯಲ್ಲಿ ರೂಪು ತಳೆದ ಸಾಧನ ಇದು. ಅತಿವೇಗದಲ್ಲಿ ಹಾರಿಸಿದರೆ ಅದೇ ಪ್ರಾಣಿಯ ಮೂಳೆ ಮುರಿಯುತ್ತದೆ. ಆದ್ದರಿಂದ ಅದು ಬೇಕೆಂದೇ ನಿಧಾನ.

ಲೆಕ್ಕಕ್ಕಾಗಿ ಸೆಕೆಂಡಿಗೆ 60 ಮೀಟರು ವೇಗವೆಂದು ಇಟ್ಟುಕೊಳ್ಳೋಣ. ಮೂವತ್ತು ಮೀಟರು ದೂರ ಸಾಗಲು ಅದಕ್ಕೆ ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಅದು 1.2 ಮೀಟರಿಗೂ ತುಸು ಹೆಚ್ಚು ಬೀಳುತ್ತದೆ. ಸೈನಿಕನ ರೈಫಲ್ಲಿನ ಗುಂಡಿಗೆ ಅರ್ಧ ಸೆಕೆಂಡು ಹಿಡಿಯುವುದು ಸುಮಾರು 350 ಮೀಟರು ದಾಟುವುದಕ್ಕೆ. ಅಂದರೆ ಮೂವತ್ತು ಮೀಟರಿನಿಂದ ಮದ್ದು ಹಾರಿಸುವ ವೈದ್ಯನು 350 ಮೀಟರಿನಿಂದ ಗುರಿಯಿಡುವ ಸೈನಿಕನ ಕಷ್ಟವನ್ನೇ ಎದುರಿಸುತ್ತಿರುತ್ತಾನೆ. ಸೈನಿಕನಿಗಾದರೋ ನಡುವೆ 350 ಮೀಟರು ನೆಲವಿದೆ, ವೈದ್ಯನಿಗೆ ಇರುವುದು ಮೂವತ್ತೇ. ಬಂದೂಕು ಐದು ಡಿಗ್ರಿ ವಾಲಿದರೆ ಮದ್ದು ಹತ್ತು ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಹತ್ತು ಡಿಗ್ರಿ ವಾಲಿದರೆ 21 ಸೆಂಟಿಮೀಟರು, ಎಂದರೆ ಹೆಚ್ಚುಕಡಿಮೆ ಒಂದು ಗೇಣು. ದೂರಕ್ಕೆ ತಕ್ಕಂತೆ ಅನಿಲದ ಒತ್ತಡವನ್ನು ಹೆಚ್ಚು ಕಡಿಮೆ ಮಾಡಿ ಎತ್ತರದ ತಪ್ಪನ್ನು ಸರಿಪಡಿಸಿಕೊಳ್ಳಬಹುದು. ಪಕ್ಕದ ತಪ್ಪಿಗೆ ಒತ್ತಡದಲ್ಲಿ ಮದ್ದಿಲ್ಲ. ಕಾಫಿಗಿಡದ ಸಂದಿನಲ್ಲಿ, ಸಾಕಾನೆಯ ಬೆನ್ನ ಮೇಲೆ, ಗದ್ದೆಯ ಬದುವಿನ ಮೇಲೆ ಒಂದು ಕಾಲೂರಿ ನಿಂತವನ ಕೈ ಹತ್ತು ಡಿಗ್ರಿ ವಾಲುವುದು ಏನು ದೊಡ್ಡ ಮಾತು?

ಆನೆಯಂಥ ದೊಡ್ಡ ಪ್ರಾಣಿಗೆ ಒಂದು ಗೇಣು ತಪ್ಪಿದರೇನಂತೆ ಎನ್ನಬಹುದು. ಮದ್ದು ಬೀಳಬೇಕಾದ್ದು ತೊಡೆ, ಸೊಂಟ, ಭುಜಗಳ ದಪ್ಪ ಮಾಂಸಖಂಡಕ್ಕೆ. ಅದೂ ಚರ್ಮಕ್ಕೆ ನೇರವಾಗಿ. ಓರೆಯಾಗಿ ಬಡಿದರೆ ದಪ್ಪ ಚರ್ಮದಲ್ಲೇ ಸಿಕ್ಕಿ ಔಷಧವೆಲ್ಲ ಒಳಕ್ಕಿಳಿಯದೆ ಉಳಿಯುತ್ತದೆ. ಆಗ ಆನೆ ಮಲಗುವುದಿಲ್ಲ, ಎಚ್ಚರವಾಗಿಯೂ ಇರುವುದಿಲ್ಲ, ಕೆರಳಿರುತ್ತದೆ. ಸರಿಯಾಗಿ ಬಿದ್ದರೂ ಕ್ಸೈಲಜಿನ್, ಕೆಟಮಿನ್ ಮುಂತಾದ ಔಷಧಗಳು ಕೆಲಸ ಮಾಡಲು ಹಲವು ನಿಮಿಷ ಬೇಕು. ಆ ನಿಮಿಷಗಳುದ್ದಕ್ಕೂ ಆನೆಗೂ ಮನುಷ್ಯನಿಗೂ ನಡುವೆ ಇರುವುದು ಗಾಳಿ ಮಾತ್ರ. ಚಿರತೆಯಾದರೆ ಸಂಕಟ ಬೇರೆ ಬಗೆಯದು. ಅದರ ತೊಡೆಯ ಮಾಂಸಖಂಡ ನಮ್ಮ ಅಂಗೈಯಗಲ. ಒಂದು ಗೇಣು ಪಕ್ಕಕ್ಕೆ ಸರಿದರೆ ಸೂಜಿ ಹೊಟ್ಟೆಗೆ ಚುಚ್ಚುತ್ತದೆ, ಉಳಿಸಲು ಹೋದವರ ಕೈಯಲ್ಲೇ ಪ್ರಾಣಿ ಸಾಯುತ್ತದೆ.

ಅದೇ 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ, ಗಾಯಗೊಂಡಿದ್ದ ‘ಭೀಮ’ ಎಂಬ ಕಾಡಾನೆಗೆ ಚಿಕಿತ್ಸೆ ನೀಡಲೆಂದು ಮದ್ದು ಹಾರಿಸಿದ ವೆಂಕಟೇಶರು ಅದೇ ಆನೆಯ ದಾಳಿಗೆ ತುತ್ತಾದರು. ಜನ ಅವರನ್ನು ‘ಆನೆ ವೆಂಕಟೇಶ್’ ಎಂದೇ ಕರೆಯುತ್ತಿದ್ದರು. ಅರಣ್ಯ ಇಲಾಖೆಯ ಸೇವೆಯಿಂದ ನಿವೃತ್ತರಾದ ಮೇಲೆಯೂ ಗುರಿ ಬೇಕಾದಲ್ಲಿ ಅವರನ್ನು ಕರೆಯುತ್ತಿದ್ದರು. ಅವರ ಗುರಿಯ ಬಗ್ಗೆ ಎರಡು ಮಾತಿರಲಿಲ್ಲ. ಆ ದಿನವೂ ಮದ್ದು ತಾಕಿತ್ತು. ಆನೆ ಮಲಗುವ ಮೊದಲು ತಿರುಗಿತು. ಒಂದು ಕಾಲಕ್ಕೆ ನಮ್ಮ ಸಂಸ್ಥಾನದಲ್ಲಿ ಆನೆ ಹಿಡಿಯುವುದೆಂದರೆ ಕಾಕನಕೋಟೆಯ ಖೆಡ್ಡಾ; ನೂರಾರು ಜನ, ತಮಟೆ, ಪಂಜು, ಕಂದಕ, ಕಬಿನಿಯ ನೀರು, ನೋಡಲು ಬಂದ ದೊರೆಗಳು. 1971ರಲ್ಲಿ ಅದು ಕೊನೆಗೊಂಡಿತು. ಆ ಇಡೀ ಜಾತ್ರೆಯ ಭಾರ ಈಗ ಒಬ್ಬನ ಭುಜದ ಮೇಲೆ, ಗಾಜಿನೊಳಗಿನ ಎರಡು ಗೆರೆಗಳ ಮೇಲೆ ಬಂದು ಕುಳಿತಿದೆ. ಇದು ಖೆಡ್ಡಾಗಿಂತ ದಯೆಯುಳ್ಳ ವಿಧಾನವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಒಬ್ಬನಿಗೆ ನಾವು ಕೊಟ್ಟಿರುವ ತರಬೇತಿ, ಅಭ್ಯಾಸಕ್ಕೆ ಕೊಟ್ಟಿರುವ ಸಮಯ, ಅವನ ಹಿಂದೆ ನಿಲ್ಲಿಸಿರುವ ರಕ್ಷಣೆ ಎಷ್ಟು ಎಂದು ಆ ವರ್ಷ ಕೇಳಬೇಕಾಗಿ ಬಂದದ್ದು ಎರಡು ಸಲ.

ಗುರಿಗಾಜು ಎಂದರೆ ಕೊಲ್ಲುವುದಕ್ಕೇ ಎಂದೇನೂ ಅಲ್ಲ. 1990ರಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅವುಗಳ ಸಂಚಾರವನ್ನು ಬರೆದಿಡತೊಡಗಿದ್ದೂ ಇಂಥ ಮದ್ದಿನ ನೆರವಿನಿಂದಲೇ. ತಂದೆ ಶಿವರಾಮ ಕಾರಂತರು ಕನ್ನಡದ ಮಕ್ಕಳಿಗೆ ವಿಜ್ಞಾನ ಬರೆದರು. ಮಗ ಹುಲಿಯ ಕೊರಳಿನಿಂದ ಅದನ್ನು ಬರೆಯಿಸಿದರು. ನಮ್ಮ ಜಿಲ್ಲೆಯ ಬಡಗಣ ತುದಿಯ ಜಗಳೂರಿನಲ್ಲಿ ರಂಗಯ್ಯನದುರ್ಗವೆಂಬ ಕುರುಚಲು ಕಾಡಿದೆ. 2011ರಲ್ಲಿ ಅದನ್ನು ಕೊಂಡುಕುರಿಯ ಅಭಯಾರಣ್ಯವೆಂದು ಘೋಷಿಸಿದರು. ಗಂಡಿಗೆ ನಾಲ್ಕು ಕೊಂಬು, ಎತ್ತರ ಎರಡಡಿ ಚಿಲ್ಲರೆ, ಸ್ವಭಾವ ಪರಮ ಸಂಕೋಚ. ಹಿಂದೆ ಅಲ್ಲಿಗೆ ಕೋವಿ ಹಿಡಿದು ಹೋಗುತ್ತಿದ್ದವರುಂಟು. ಈಗ ಮುಕ್ಕಾಲಿಯ ಮೇಲೆ ದುರ್ಬೀನಿಟ್ಟು ಬೆಳಗಿನಿಂದ ಕಾಯುತ್ತಾರೆ. ಮುಕ್ಕಾಲಿಗೂ ಒಂದು ರಸಮಟ್ಟವಿರುತ್ತದೆ ಎಂಬುದನ್ನು ನಾನು ಅಲ್ಲಿಯೇ ಗಮನಿಸಿದ್ದು.

ಮತ್ತೆ ಹಿತ್ತಿಲಿಗೆ. ಮರುದಿನ ಬೆಳಿಗ್ಗೆ, ಗಾಳಿಯೇಳುವ ಮೊದಲೇ, ಮೇಸ್ತ್ರಿಗಳ ದಾರ ದಿಬ್ಬದ ಮುಂದೆ ಇಳಿಬಿದ್ದಿತು. ಕೆಳಗೆ ನಮ್ಮ ಬಚ್ಚಲುಮನೆಯ ಬಕೆಟ್ಟು. ಹುಡುಗ ಬಳೆಗಳನ್ನು ಸಡಿಲಿಸಿ ಕೊಳವೆಯನ್ನು ಹೊರಳಿಸಿದ, ಬಿಗಿದ, ಗೆರೆ ಸರಿಯಿತು, ಬೈದುಕೊಂಡ, ಮತ್ತೆ ಸಡಿಲಿಸಿದ. ಮೂರನೆಯ ಸಲಕ್ಕೆ ಗೆರೆ ದಾರದ ಮೇಲೆ ಕುಳಿತಿತು. ರಟ್ಟಿನ ಮೇಲೆ ಅದೇ ದಾರದ ಗುಂಟ ಪೆನ್ಸಿಲ್ಲಿನಿಂದ ಗೀಟೊಂದನ್ನು ಎಳೆದು, ಅದರ ಬುಡಕ್ಕೆ ಗುರಿಯಿಟ್ಟು, ತಿರುಪನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸುತ್ತ ಹನ್ನೆರಡು ಸಲ ಹೊಡೆದ. ಹನ್ನೊಂದು ರಂಧ್ರಗಳು ಗೀಟನ್ನು ಕಚ್ಚಿಕೊಂಡು ಏರಿದ್ದವು. ಒಂದು ಎಡಕ್ಕೆ ಹಾರಿತ್ತು. ಅದು ತನ್ನ ಉಸಿರಿನ ತಪ್ಪೆಂದು ಅವನೇ ಒಪ್ಪಿಕೊಂಡ.

ಹುಡುಗ ರಟ್ಟನ್ನು ಅಜ್ಜಿಗೆ ತೋರಿಸಲು ಒಳಗೆ ಓಡಿದ. ಮೇಸ್ತ್ರಿಗಳು ಬಕೆಟ್ಟಿನಿಂದ ಗುಂಡನ್ನೆತ್ತಿ ಪಂಚೆಯ ಅಂಚಿನಲ್ಲಿ ಒರೆಸಿ, ದಾರವನ್ನು ಸುತ್ತಿಕೊಂಡು ಗೋಡೆಯ ಕಡೆಗೆ ನಡೆದರು. ಬಿಸಿಲೇರುವುದರೊಳಗೆ ಅವರಿಗೆ ಇನ್ನೂ ಎರಡು ವರಸೆ ಇಟ್ಟಿಗೆ ಏರಿಸಬೇಕಾಗಿತ್ತು.